ನಾಲೆ ನೀರಿನ ವಿಡಿಯೋ ‘ಭಾರತದಲ್ಲಿ ಲಭ್ಯವಿಲ್ಲ’: ಆದೇಶ ಕೊಟ್ಟವರು ಯಾರೆಂದು ತಿಳಿಯುವುದು ಹೇಗೆ?

ಕೊನೆಭಾಗದ ರೈತ, ದಾವಣಗೆರೆ ತಾಲ್ಲೂಕು:

ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿರುವ ನಮ್ಮ ಊರಿಗೆ ಬೇಸಿಗೆ ಭತ್ತಕ್ಕೆ ನೀರು ತಲುಪದ ಬಗ್ಗೆ ಮೊಬೈಲಿನಲ್ಲಿ ಚಿತ್ರೀಕರಿಸಿ ನನ್ನ ಪುಟಕ್ಕೆ ಹಾಕಿದ್ದ ವಿಡಿಯೋವೊಂದು ಕಳೆದ ವಾರದಿಂದ ಯಾರಿಗೂ ಕಾಣಿಸುತ್ತಿಲ್ಲ. ದುಬೈಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಮಾತ್ರ ಕಾಣಿಸುತ್ತಿದೆಯಂತೆ. ಒಣಗಿ ಬಿರುಕು ಬಿಟ್ಟ ಉಪನಾಲೆ, ಮೇಲ್ಭಾಗದಲ್ಲಿ ನಾಲೆಗೇ ಇಳಿಬಿಟ್ಟಿರುವ ಪಂಪ್‌ಸೆಟ್ಟಿನ ಪೈಪುಗಳು, ಇಬ್ಬರು ರೈತರ ಮಾತು, ಅದರಲ್ಲಿದ್ದದ್ದು ಇಷ್ಟೇ. ಅವರಲ್ಲೊಬ್ಬರು ಒಬ್ಬ ಅಧಿಕಾರಿಯ ಹುದ್ದೆಯನ್ನು ಹೇಳಿ ‘ದುಡ್ಡು ತಗೊಂಡು ಪೈಪಿಗೆ ಬಿಟ್ಟಿದ್ದಾರೆ’ ಎಂದದ್ದು ನಿಜ. ಕಂಪನಿಯಿಂದ ಬಂದ ಇಮೇಲಿನಲ್ಲಿ ‘ಕಾನೂನಿನ ಕೋರಿಕೆಯ ಮೇರೆಗೆ ಭಾರತದಲ್ಲಿ ನಿರ್ಬಂಧಿಸಲಾಗಿದೆ’ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇಲ್ಲ. ನನ್ನನ್ನು ಒಂದು ಮಾತೂ ಕೇಳದೆ ಹೀಗೆ ಮಾಡಲು ಬರುತ್ತದೆಯೇ? ನಮ್ಮ ಹೈಕೋರ್ಟಿನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಸೋತ ಮೇಲೆ ಇಂಥದ್ದನ್ನು ಪ್ರಶ್ನಿಸುವ ದಾರಿಯೇ ಮುಚ್ಚಿತು ಎಂದು ಇಲ್ಲಿ ಕೆಲವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಜಿಲ್ಲಾ ನ್ಯಾಯಾಲಯದ ವಕೀಲ, ದಾವಣಗೆರೆ:

ದಾರಿ ಮುಚ್ಚಿಲ್ಲ ಸರ್. ಆದರೆ ನಿಮ್ಮ ವಿಡಿಯೋ ಯಾವ ಕಾನೂನಿನಡಿ ಹೋಗಿದೆ ಎಂಬುದನ್ನು ಮೊದಲು ಪತ್ತೆ ಮಾಡದಿದ್ದರೆ ಮುಂದಿನ ಹೆಜ್ಜೆಯೆಲ್ಲ ತಪ್ಪುತ್ತದೆ. ಕಂಪನಿ ತನ್ನದೇ ನೀತಿಯ ಪ್ರಕಾರ ತೆಗೆದಿದ್ದರೆ ವಿಡಿಯೋ ದುಬೈಯಲ್ಲೂ ಕಾಣಿಸುತ್ತಿರಲಿಲ್ಲ, ಆದ್ದರಿಂದ ಅದನ್ನು ಬದಿಗಿಡೋಣ. ಉಳಿಯುವುದು ನ್ಯಾಯಾಲಯದ ಆದೇಶ, ಇಲ್ಲವೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ಎ, ಇಲ್ಲವೇ ಅದೇ ಕಾಯ್ದೆಯ ಸೆಕ್ಷನ್ 79.

ಸೆಕ್ಷನ್ 69ಎ ಅಡಿಯಲ್ಲಿ ತಡೆಯುವ ಅಧಿಕಾರ ಕೇಂದ್ರ ಸರ್ಕಾರದ್ದು. ಅದಕ್ಕೆ ಕಾರಣಗಳ ಪಟ್ಟಿ ಕಾಯ್ದೆಯಲ್ಲೇ ಇದೆ: ದೇಶದ ಸಾರ್ವಭೌಮತ್ವ, ರಕ್ಷಣೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವುಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ. ಮಾನಹಾನಿ ಆ ಪಟ್ಟಿಯಲ್ಲಿ ಇಲ್ಲ. ಅಧಿಕಾರಿಯ ಮೇಲಿನ ಆರೋಪವೇ ಕಾರಣವಾಗಿದ್ದರೆ ಸೆಕ್ಷನ್ 69ಎ ಬಳಸಿರುವ ಸಾಧ್ಯತೆ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಸೆಕ್ಷನ್ 79 ಬೇರೆ ಬಗೆಯದು. ಬಳಕೆದಾರರು ಹಾಕಿದ್ದಕ್ಕೆ ಕಂಪನಿಯನ್ನು ಹೊಣೆ ಮಾಡುವಂತಿಲ್ಲ ಎಂಬ ರಕ್ಷಣೆಯನ್ನು ಅದು ಕೊಡುತ್ತದೆ, ಆದರೆ ಸರ್ಕಾರದಿಂದ ಸೂಚನೆ ಬಂದ ಮೇಲೂ ಕಾನೂನುಬಾಹಿರ ವಿಷಯವನ್ನು ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ಯಾವ ಕಂಪನಿಯೂ ನಮ್ಮ ನಿಮ್ಮ ವಿಡಿಯೋಗಾಗಿ ಆ ರಕ್ಷಣೆಯನ್ನು ಪಣಕ್ಕಿಡುವುದಿಲ್ಲ. ಸೂಚನೆ ಬಂದರೆ ತೆಗೆಯುತ್ತದೆ, ನಿಮಗೆ ಒಂದು ಸಾಲಿನ ಇಮೇಲ್ ಬರುತ್ತದೆ. ಇಂತಹ ಸೂಚನೆಗಳನ್ನು ಕಳುಹಿಸಲೆಂದೇ ಕೇಂದ್ರ ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್ ಇದೆ. ಎಕ್ಸ್ ಪ್ರಶ್ನಿಸಿದ್ದು ಅದನ್ನೇ.

ಆ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಜಾಗೊಳಿಸಿದರು. ಸೆಕ್ಷನ್ 79ರ ಸೂಚನೆಗಳಿಗೆ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹಾಕಿದ್ದ ಮಿತಿ, ಇಂತಹ ಕಂಪನಿಗಳಿಗಾಗಿ ಅದೇ ಕಾಯ್ದೆಯಡಿ ಮಾಡಿದ್ದ 2011ರ ನಿಯಮಗಳ ಸಂದರ್ಭದ್ದು, ಅವುಗಳ ಬದಲಿಗೆ ಬಂದ 2021ರ ನಿಯಮಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು ಎಂದರು. ಈ ಭಾಗ ನನಗೆ ಒಪ್ಪಿಗೆಯಿಲ್ಲ, ಆದರೆ ಸದ್ಯಕ್ಕೆ ನಮ್ಮ ರಾಜ್ಯದಲ್ಲಿ ಕಾನೂನು ಅದೇ. ಜೊತೆಗೆ, ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ ಸೇರಿದ್ದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ ಎಂದೂ ಹೇಳಿದರು. ನೀವು ಈ ದೇಶದ ನಾಗರಿಕರು. ಆ ಕಾರಣಕ್ಕೆ ನಿಮ್ಮ ಅರ್ಜಿಯನ್ನು ಬಾಗಿಲಲ್ಲೇ ತಡೆಯಲು ಬರುವುದಿಲ್ಲ.

ಇದಾದ ಮರುತಿಂಗಳೇ ಕೇಂದ್ರವು ನಿಯಮಗಳನ್ನು ತಿದ್ದಿತು. 2025ರ ನವೆಂಬರ್ 15ರಿಂದ ಇಂತಹ ಸೂಚನೆಯನ್ನು ಸಾಮಾನ್ಯವಾಗಿ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಪೊಲೀಸ್ ಇಲಾಖೆಯಲ್ಲಾದರೆ ವಿಶೇಷವಾಗಿ ಅಧಿಕಾರ ಪಡೆದ ಡಿಐಜಿ ಅಥವಾ ಅವರಿಗಿಂತ ಮೇಲಿನವರು ಮಾತ್ರ ಕೊಡಬಹುದು. ಯಾವ ಕಾನೂನಿನ ಉಲ್ಲಂಘನೆಯಾಗಿದೆ, ಯಾವ ಕೊಂಡಿಯನ್ನು ತೆಗೆಯಬೇಕು ಎಂಬುದನ್ನು ಕಾರಣಸಹಿತ ಬರೆಯಬೇಕು, ಕಾರ್ಯದರ್ಶಿ ದರ್ಜೆಯವರು ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸಬೇಕು. ನೀರಾವರಿ ಕಚೇರಿಯ ಎಂಜಿನಿಯರ್ ಬರೆದ ಪತ್ರ ಬರಿಯ ದೂರು, ಅದಕ್ಕೆ ಆದೇಶದ ಬೆಲೆಯಿಲ್ಲ.

ಸೈಬರ್ ಸೆಂಟರ್, ಚಿತ್ರದುರ್ಗ:

ವಕೀಲರ ಮಾತಿಗೆ ನನ್ನದೊಂದು ತಕರಾರು ಇದೆ. ಈ ಅಧಿಕಾರವೆಲ್ಲ ರೈತರ ಬಾಯಿ ಮುಚ್ಚಿಸಲೆಂದೇ ಬಂದಂತೆ ಓದುವುದು ಸರಿಯಲ್ಲ. ಮುಖ ಬದಲಿಸಿದ ಫೋಟೋ ಹಿಡಿದುಕೊಂಡು ಕಣ್ಣೀರು ಹಾಕುತ್ತಾ ಬರುವ ಹೆಣ್ಣುಮಕ್ಕಳ ಮನೆಯವರಿಗೆ ದೂರು ತುಂಬಿಕೊಡುವವನು ನಾನು. ಒಂದು ರಾತ್ರಿಯೊಳಗೆ ಅಂತಹ ಫೋಟೋ ಊರಿನ ಎಲ್ಲಾ ಗುಂಪುಗಳಿಗೂ ಹಬ್ಬಿರುತ್ತದೆ. ಸರ್ಕಾರದ ಸೂಚನೆ ಪಾಲಿಸಲು 36 ಗಂಟೆ ಇದ್ದ ಗಡುವನ್ನು 2026ರ ಫೆಬ್ರುವರಿಯಲ್ಲಿ 3 ಗಂಟೆಗೆ ಇಳಿಸಿ, ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ವಿಡಿಯೋಗಳಿಗೆ ಗುರುತು ಹಾಕಬೇಕೆಂದು ಮಾಡಿದ್ದನ್ನು ನಾನಂತೂ ಸ್ವಾಗತಿಸುತ್ತೇನೆ. ಆದರೆ 3 ಗಂಟೆಯಲ್ಲಿ ಯಾವ ಕಂಪನಿಯೂ ಭದ್ರಾ ನಾಲೆಯ ಜಗಳದಲ್ಲಿ ಸತ್ಯ ಯಾರದೆಂದು ವಿಚಾರಿಸಲಾರದು ಎಂಬುದನ್ನು ಒಪ್ಪುತ್ತೇನೆ.

ಕೊನೆಭಾಗದ ರೈತ:

ಇಬ್ಬರಿಗೂ ಧನ್ಯವಾದ. ಹಾಗಾದರೆ ಮೊದಲು ಯಾರಿಗೆ ಬರೆಯಬೇಕು? ಅದೇ ವಿಡಿಯೋವನ್ನು ನಮ್ಮ ಹುಡುಗರ ಪುಟಗಳಲ್ಲಿ ಮತ್ತೆ ಹಾಕಿದರೆ ತೊಂದರೆಯಾಗುತ್ತದೆಯೇ?

ಜಿಲ್ಲಾ ನ್ಯಾಯಾಲಯದ ವಕೀಲ, ದಾವಣಗೆರೆ:

ಚಿತ್ರದುರ್ಗದವರು ಹೇಳಿದ ಫೋಟೋಗಳ ವಿಷಯದಲ್ಲಿ ನನ್ನದೂ ಅದೇ ನಿಲುವು. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಂದೇ ಬರೆದು ಆದೇಶದ ಪ್ರತಿ, ಅದನ್ನು ಹೊರಡಿಸಿದ ಪ್ರಾಧಿಕಾರದ ಹೆಸರು ಮತ್ತು ಸೆಕ್ಷನ್ ಕೇಳಿ. 69ಎ ಆದೇಶಗಳಿಗೆ, ಆ ಸೆಕ್ಷನ್ ಅಡಿಯ 2009ರ ನಿಯಮಗಳಲ್ಲಿನ ನಿಯಮ 16 ಗೋಪ್ಯತೆಯನ್ನು ವಿಧಿಸುತ್ತದೆ, ಸೆಕ್ಷನ್ 79ರ ಸೂಚನೆಗೆ ಆ ನಿಯಮ ಅನ್ವಯಿಸುವುದಿಲ್ಲ ಎಂಬುದನ್ನು ಪತ್ರದಲ್ಲೇ ಬರೆಯಿರಿ. ಉತ್ತರ ತೃಪ್ತಿ ತರದಿದ್ದರೆ 30 ದಿನಗಳೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮನವಿ ಸಲ್ಲಿಸಬಹುದು. ಸರ್ಕಾರದ ಸೂಚನೆಯನ್ನು ಆ ಸಮಿತಿ ರದ್ದು ಮಾಡುತ್ತದೆಂದು ನಾನು ನಂಬುವುದಿಲ್ಲ, ಆದರೆ ಮುಂದೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವಾಗ ‘ಮೊದಲು ಅಲ್ಲಿಗೇಕೆ ಹೋಗಲಿಲ್ಲ’ ಎಂಬ ಪ್ರಶ್ನೆ ಬರದಂತೆ ಅದು ನೋಡಿಕೊಳ್ಳುತ್ತದೆ. 69ಎ ಆದೇಶವೇ ಆಗಿದ್ದರೂ ಕೈಚೆಲ್ಲಬೇಕಿಲ್ಲ. ವರದಕ್ಷಿಣೆಯನ್ನು ಅಣಕಿಸುವ ಜಾಲತಾಣವೊಂದನ್ನು ತಡೆಹಿಡಿದ ಪ್ರಕರಣದಲ್ಲಿ, ಅದನ್ನು ರೂಪಿಸಿದವರಿಗೆ ಆದೇಶದ ಪ್ರತಿ ಕೊಟ್ಟು ಅಹವಾಲು ಕೇಳುವಂತೆ ದೆಹಲಿ ಹೈಕೋರ್ಟ್ 2022ರಲ್ಲಿ ಸೂಚಿಸಿದೆ. ಅಂದಹಾಗೆ, ಧಾರವಾಡ ಪೀಠ ಹತ್ತಿರವಿದ್ದರೂ ದಾವಣಗೆರೆ ಜಿಲ್ಲೆಯ ಅರ್ಜಿ ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆದೇಶದ ಪ್ರತಿ ಕೈಗೆ ಬರುವವರೆಗೆ ಅದೇ ವಿಡಿಯೋವನ್ನು ಹುಡುಗರ ಪುಟಗಳಲ್ಲಿ ಹಾಕಿಸಬೇಡಿ. ಅದು ನ್ಯಾಯಾಲಯದ ಆದೇಶವಾಗಿದ್ದರೆ ಅವರೂ ಸಿಕ್ಕಿಕೊಳ್ಳುತ್ತಾರೆ. ನಾಲೆ ಒಣಗಿರುವುದನ್ನು ಹೊಸದಾಗಿ ಚಿತ್ರೀಕರಿಸಿ, ದುಡ್ಡಿನ ಆರೋಪವಿಲ್ಲದೆ ಹಾಕುವುದಕ್ಕೆ ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ. ಹಳೆಯ ವಿಡಿಯೋದ ಮೂಲ ಕಡತ ಮೊಬೈಲಿನಲ್ಲಿ ಹಾಗೆಯೇ ಇರಲಿ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಕುಗ್ಗಿದ ಪ್ರತಿ ಸಾಲದು. ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು (ಕಡತ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂತಹ ಸಂಕೇತ) ನಮೂದಿಸಬೇಕು. ಆ ಇಮೇಲನ್ನೂ ಅಳಿಸಬೇಡಿ. ಸೋಮವಾರ ನ್ಯಾಯಾಲಯದ ಕಡೆ ಬರುವುದಾದರೆ ಅದರ ಮುದ್ರಿತ ಪ್ರತಿ ತನ್ನಿ, ಕುಂದುಕೊರತೆ ಅಧಿಕಾರಿಗೆ ಬರೆಯುವ ಪತ್ರವನ್ನು ಅಲ್ಲೇ ಸಿದ್ಧಪಡಿಸೋಣ.