ಇರುವೆಗಳ ಮೇಲೆ ರೆಕ್ಕೆ ಹರಡಿ ಮಲಗಿದ ಕಾಗೆ

ಲಾಲ್‌ಬಾಗ್ ನಡಿಗೆ:
ಸ್ನೇಹಿತರೇ, ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಸಮೀಪ ತೆಗೆದ ಮೂರು ಚಿತ್ರಗಳನ್ನು ಇಲ್ಲಿ ಹಾಕಿದ್ದೇನೆ. ಮರದ ಬುಡದಲ್ಲಿ ಕಾಗೆಯೊಂದು ಎರಡೂ ರೆಕ್ಕೆಗಳನ್ನು ನೆಲಕ್ಕೆ ಹರಡಿ, ಬಾಲವನ್ನು ಹೊಟ್ಟೆಯ ಕೆಳಕ್ಕೆ ಎಳೆದುಕೊಂಡು, ಅಮಲೇರಿದವರಂತೆ ವಾಲುತ್ತಿತ್ತು. ವಿಷ ತಿಂದಿರಬೇಕೆಂದು ಗಾಬರಿಯಾಗಿ ಎರಡು ಹೆಜ್ಜೆ ಮುಂದಿಟ್ಟಾಗ, ಅದರ ಮೈಮೇಲೆಲ್ಲ ಗೊದ್ದಗಳು, ಅಂದರೆ ದೊಡ್ಡ ಕಪ್ಪು ಇರುವೆಗಳು, ಹರಿದಾಡುತ್ತಿರುವುದು ಕಂಡಿತು. ನಾಲ್ಕೈದು ನಿಮಿಷಗಳ ನಂತರ ಅದು ಎದ್ದು ಮೈ ಕೊಡವಿ ಹಾರಿಹೋಯಿತು. ಬಚ್ಚಲಮನೆ ಖಾಲಿಯಾಗಲೆಂದು ಕಾಯುವವರಂತೆ ಅಷ್ಟು ಹೊತ್ತೂ ಕೊಂಬೆಯ ಮೇಲೆ ಕುಳಿತಿದ್ದ ಇನ್ನೊಂದು ಕಾಗೆ ಕೂಡಲೇ ಇಳಿದು ಬಂದು ಅದೇ ಜಾಗದಲ್ಲಿ ಮಲಗಿತು! ನನಗೆ ನಗು ತಡೆಯಲಾಗಲಿಲ್ಲ. ಇದರ ಅರ್ಥವೇನು? ಇಂಥದ್ದನ್ನು ಕಂಡವರು ದಯವಿಟ್ಟು ಚಿತ್ರ ಸಹಿತ ತಿಳಿಸಿ.

ಮಲ್ಲೇಶ್ವರದ ಹಕ್ಕಿನೋಟ:
ಬಹಳ ಅಪರೂಪದ ಚಿತ್ರಗಳು, ಅಭಿನಂದನೆಗಳು. ನೀವು ಕಂಡದ್ದು ಹಕ್ಕಿಗಳ ಇರುವೆಸ್ನಾನ. ಕೆಲವು ಹಕ್ಕಿಗಳು ಇರುವೆಯನ್ನು ಕೊಕ್ಕಿನಲ್ಲಿ ಹಿಡಿದು, ನಾವು ಸೋಪು ತಿಕ್ಕಿದಂತೆ ಗರಿಗಳಿಗೆ ಉಜ್ಜಿಕೊಳ್ಳುತ್ತವೆ. ಕಾಗೆಯಂಥವು ಇರುವೆಗೂಡಿನ ಮೇಲೆಯೇ ಮಲಗಿ ಇರುವೆಗಳು ತಾವಾಗಿ ಹತ್ತಲು ಬಿಡುವುದೂ ಉಂಟು. ಗೊದ್ದ ಕುಟುಕುವುದಿಲ್ಲ, ಕೆಣಕಿದಾಗ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ಮಲೆನಾಡಿನವರಿಗೆ ಚಗಳಿ (ಕೆಂಪು ಇರುವೆ) ಚಟ್ನಿಯಲ್ಲಿ ನಾಲಗೆಗೆ ತಾಗುವ ಹುಳಿಯೂ ಇದೇ ಆಮ್ಲದ್ದು. ಗರಿಯ ಹೇನು ಮತ್ತು ಶಿಲೀಂಧ್ರಗಳನ್ನು ತೊಲಗಿಸಲು ಹಕ್ಕಿ ಹೀಗೆ ಮಾಡುತ್ತದೆ ಎಂಬುದು ಹಳೆಯ ವಿವರಣೆ. ಆಮ್ಲವನ್ನೆಲ್ಲ ಗರಿಗೆ ಒರೆಸಿ ಖಾಲಿ ಮಾಡಿ, ಆಮೇಲೆ ಇರುವೆಯನ್ನು ತಿನ್ನುವ ಉಪಾಯ ಎಂಬುದು ಇನ್ನೊಂದು. ವಿಜ್ಞಾನಿಗಳಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ಮಲಗಿಯೇ ಇರುವ ಹಕ್ಕಿಗೆ ಎರಡನೆಯ ವಿವರಣೆ ಅಷ್ಟಾಗಿ ಒಪ್ಪುವುದಿಲ್ಲವೆಂದು ನನ್ನ ಅನಿಸಿಕೆ.

ಹೆಬ್ಬಾಳ ಕೆರೆದಂಡೆ:
ನನ್ನದೂ ಒಂದು ಚಿತ್ರ ಇಲ್ಲಿದೆ. ನಾಲ್ಕು ಹರಟೆಮಲ್ಲಗಳು ಬಿಸಿಲಿನಲ್ಲಿ ಸಾಲಾಗಿ ಒರಗಿ, ತಲೆಗರಿ ಕೆದರಿ, ಕೊಕ್ಕು ತೆರೆದು, ಹಬ್ಬದೂಟ ಮುಗಿಸಿದ ನೆಂಟರಂತೆ ಬಿದ್ದುಕೊಂಡಿವೆ. ಇಲ್ಲಿ ಒಂದೇ ಒಂದು ಇರುವೆಯೂ ಇರಲಿಲ್ಲ. ಇದು ಬರಿಯ ಬಿಸಿಲುಸ್ನಾನ. ಆದ್ದರಿಂದ ರೆಕ್ಕೆ ಹರಡಿದ್ದನ್ನು ಮಾತ್ರ ನೋಡಿ ತೀರ್ಮಾನಿಸದೆ, ನೆಲವನ್ನೂ ಗಮನಿಸಿ. ಕೆರೆಯ ನೀರುಕಾಗೆ ರೆಕ್ಕೆ ಬಿಡಿಸಿ ನಿಲ್ಲುವುದಂತೂ ಒದ್ದೆಯಾದ ಗರಿಗಳನ್ನು ಒಣಗಿಸಿಕೊಳ್ಳಲು.

ಬಸವನಗುಡಿ:
ಒಂದು ವಿನಂತಿ: ನೆಲಕ್ಕೆ ಬಿದ್ದ ಹಕ್ಕಿಗಳೆಲ್ಲ ಸ್ನಾನ ಮಾಡುತ್ತಿವೆ ಎಂದುಕೊಳ್ಳಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಬಳಲಿ ಬೀಳುವ ಹದ್ದುಗಳನ್ನೂ, ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಒದ್ದಾಡುವ ಹಕ್ಕಿಗಳನ್ನೂ ನಮ್ಮ ನಗರದಲ್ಲಿ ಕಾಣುತ್ತೇವೆ. ಸ್ನಾನ ಮಾಡುತ್ತಿರುವ ಹಕ್ಕಿ ನೀವು ಸಮೀಪಿಸಿದರೆ ಸಾಮಾನ್ಯವಾಗಿ ಎದ್ದು ಹಾರುತ್ತದೆ. ನಿಜವಾಗಿ ನರಳುತ್ತಿರುವ ಹಕ್ಕಿಗೆ ಅದು ಸಾಧ್ಯವಾಗುವುದಿಲ್ಲ. ಹತ್ತು ನಿಮಿಷ ದೂರ ನಿಂತು ನೋಡಿ, ಆಮೇಲೆ ಅದಕ್ಕೆ ನೆರವು ಬೇಕೇ ಎಂದು ತೀರ್ಮಾನಿಸಿ.

ಲಾಲ್‌ಬಾಗ್ ನಡಿಗೆ:
ಎಲ್ಲರಿಗೂ ಧನ್ಯವಾದಗಳು. ಮೂರನೆಯ ಚಿತ್ರವನ್ನು ಈಗ ದೊಡ್ಡದು ಮಾಡಿ ನೋಡಿದೆ: ಎರಡನೆಯ ಕಾಗೆಯ ಕೊಕ್ಕಿನ ತುದಿಯಲ್ಲಿ ಒಂದು ಗೊದ್ದವಿದೆ, ಕೊಕ್ಕು ರೆಕ್ಕೆಯ ಅಡಿಗೆ ತಿರುಗಿದೆ. ಅದು ಉಜ್ಜಿಕೊಳ್ಳುತ್ತಿತ್ತೋ ತಿನ್ನಲು ಸಿದ್ಧವಾಗುತ್ತಿತ್ತೋ ತಿಳಿಯಲು ಮುಂದಿನ ಭಾನುವಾರ ವಿಡಿಯೊ ತೆಗೆಯುತ್ತೇನೆ.