ಸಹಾಯ ಬೇಕು: ಗೈಡ್ ಕಾಟಕ್ಕೆ ತಂಗಿ ಕುಗ್ಗಿಹೋಗಿದ್ದಾಳೆ

ನಮಸ್ಕಾರ. ತಂಗಿ ಪಿಎಚ್.ಡಿ. ಮಾಡ್ತಿದ್ದಾಳೆ. "ನನ್ನ ಜೊತೆ ಹೊರಗೆ ಬಂದರೆ ಮಾತ್ರ ಸಹಿ" ಅಂತ ಗೈಡ್ ಎರಡು ತಿಂಗಳಿಂದ ಪೀಡಿಸ್ತಿದ್ದಾನೆ. ಅವಳಿಗೆ ನಿದ್ದೆಯಿಲ್ಲ, ಊಟ ಸೇರಲ್ಲ, ಫೋನ್ ಸದ್ದಾದರೆ ಕೈ ನಡುಗುತ್ತೆ. ಹಾಸ್ಟೆಲ್‌ನಲ್ಲಿ ಇನ್ನಿಬ್ಬರದ್ದೂ ಇದೇ ಪಾಡಂತೆ. ಇಷ್ಟು ಜನ ಹುಡುಗಿಯರ ಆರೋಗ್ಯ ಕೆಡ್ತಿರುವಾಗ ಇದನ್ನ ಖಾಸಗಿ ವಿಷಯ ಅಂತ ಹೇಗೆ ಬಿಡೋದು?

ಸಂಸ್ಥೆಯಲ್ಲಿ ಇಂಥ ದೂರು ವಿಚಾರಿಸೋ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಅಂತ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯಲ್ಲಿದೆ. ವಿಚಾರಣೆ ಮುಗಿಯೋವರೆಗೆ ಆತ ಅವಳ ಮೌಲ್ಯಮಾಪನ ಮಾಡದಂತೆ ತಡೆಯೋಕೆ ಯುಜಿಸಿಯ 2015ರ ನಿಯಮದಲ್ಲಿ ಅವಕಾಶವಿದೆ. ಹಾಗೆ ಕೇಳಿ ಪಡೆದವರು ಇದ್ದೀರಾ? ಗೈಡ್ ಬದಲಾಯಿಸಿಕೊಂಡಿದ್ದು ಹೇಗೆ? ಮೆಸೇಜ್‌ಗಳನ್ನೆಲ್ಲ ಉಳಿಸಿಟ್ಟಿದ್ದೇವೆ.

ನಿನ್ನೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿಸಿದೆ, ಅತ್ತು ಸ್ವಲ್ಪ ಹಗುರಾದಳು. ಇಂಥ ಕೇಸ್ ನಡೆಸಿದ ಮಹಿಳಾ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ದಯವಿಟ್ಟು ಅವಳ ಹೆಸರು, ವಿಭಾಗ ಕೇಳಬೇಡಿ.