ಅಕ್ಕನ ಕೇಸಿಗೆ ಕೋರ್ಟು ಕೊಡುವ ಉಚಿತ ವಕೀಲರು ಸಾಕಾ, ದುಡ್ಡು ಕೊಟ್ಟೇ ಹಿಡಿಯಬೇಕಾ? (ತುಮಕೂರು)

ಗುಬ್ಬಿಗೇಟ್:
ಅಕ್ಕನಿಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ಇನ್ನೂ ನಾಲ್ಕು ತುಂಬಿಲ್ಲ. ಭಾವನಿಗೆ ಬೆಂಗಳೂರಿನಲ್ಲಿ ಖಾಸಗಿ ಕಂಪನಿ ಕೆಲಸ. ಹೋದ ವರ್ಷ ಯುಗಾದಿಗೆ ತವರಿಗೆ ಬಂದವಳು ವಾಪಸ್ ಹೋಗಿಲ್ಲ. ಜಗಳ ಏನು ಅಂತ ಇಲ್ಲಿ ಬರೆಯಲ್ಲ. ಎಂಟು ತಿಂಗಳಿಂದ ಒಂದು ರೂಪಾಯಿ ಕಳಿಸಿಲ್ಲ, ಅಷ್ಟು ಸಾಕು. ಒಬ್ಬ ವಕೀಲರನ್ನು ಕೇಳಿದೆವು. ವಿಚ್ಛೇದನ, ಜೀವನಾಂಶ, ಮಕ್ಕಳ ಕಸ್ಟಡಿ ಎಲ್ಲ ಸೇರಿ 60 ಸಾವಿರ, ಅರ್ಧ ಮುಂಗಡ ಅಂದರು. ಕೋರ್ಟಿನಲ್ಲೇ ಉಚಿತವಾಗಿ ವಕೀಲರನ್ನು ಕೊಡುತ್ತಾರಂತಲ್ಲ, ಅವರು ಸರಿಯಾಗಿ ನಡೆಸುತ್ತಾರಾ? ಈ ಕಡೆ ದೊಡ್ಡಪ್ಪ ಬಾಂಡ್ ಪೇಪರ್ ತಂದು ದೇವರ ಮನೆಯಲ್ಲಿ ಇಟ್ಟಿದ್ದಾರೆ. ಹಿರಿಯರ ಮುಂದೆ ಬರೆದು ಮುಗಿಸಿಕೊಳ್ಳಿ ಅಂತ ಅವರ ಮಾತು. ಗೊತ್ತಿರುವವರು ಹೇಳಿ.

ತಟ್ಟೆಇಡ್ಲಿ:
ಬಿಟ್ಟಿ ಸಿಗೋದು ಬಿಟ್ಟಿ ಥರಾನೇ ಇರುತ್ತದೆ. ಅದೂ ಅಲ್ಲದೆ ಅದು ಕಡುಬಡವರಿಗೆ ಇರುವ ಯೋಜನೆ. ಬಿಪಿಎಲ್ ಕಾರ್ಡ್ ಇದೆಯಾ? ನಿಮ್ಮಪ್ಪನ ಹೆಸರಲ್ಲಿ ನಾಲ್ಕು ತೆಂಗಿನ ಮರ ಇದ್ದರೂ ವಾಪಸ್ ಕಳಿಸುತ್ತಾರೆ. ದುಡ್ಡು ಕೊಟ್ಟು ನೆಮ್ಮದಿಯಾಗಿರಿ.

ಪಾವಗಡದ_ಬಿಸಿಲು:
"ಕಡುಬಡವರಿಗೆ" ಅಂತ ಯಾರು ಹೇಳಿದರು ನಿಮಗೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 12ನೇ ಕಲಂ. ಹೆಂಗಸರಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯದ ಮಿತಿಯೇ ಇಲ್ಲ. ನಾಲ್ಕಲ್ಲ, ನಾನೂರು ತೆಂಗಿನ ಮರ ಇರಲಿ. ನಾನೇ ಪ್ರಾಧಿಕಾರದ ಕಚೇರಿಗೆ ಹೋಗಿದ್ದೆ. ಒಂದು ಅರ್ಜಿ, ಆಧಾರ್ ಜೆರಾಕ್ಸ್, ಅಷ್ಟೇ. ಮದುವೆ ಆಗಿದ್ದಕ್ಕೆ ದಾಖಲೆ ಏನಿದೆ ಅಂದರು. ರಿಜಿಸ್ಟರ್ ಮಾಡಿಸಿರಲಿಲ್ಲ. ಲಗ್ನಪತ್ರಿಕೆ ಇದ್ದರೆ ಅದನ್ನೇ ತನ್ನಿ ಅಂದರು. ಟ್ರಂಕಿನ ತಳದಿಂದ ತೆಗೆದೆ. ನಾಲ್ಕು ಮೂಲೆಗೂ ಹಚ್ಚಿದ್ದ ಅರಿಶಿನ ಹಾಗೇ ಇತ್ತು, ಮೇಜಿನ ಮೇಲೆ ಇಟ್ಟರೆ ಅವರ ಫೈಲಿಗೂ ಹತ್ತಿತು. ವಾರದೊಳಗೆ ವಕೀಲರನ್ನು ಕೊಟ್ಟರು. ಏಳು ತಿಂಗಳಿಗೆ ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವವರೆಗಿನದು, ಆಯಿತು. ವಕೀಲರಿಗೆ ನಾನು ಒಂದು ಪೈಸೆ ಕೊಟ್ಟಿಲ್ಲ. ಫೋನಿನಲ್ಲೇ ಕೇಳುವುದಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಮಾಡಿ.

ತಟ್ಟೆಇಡ್ಲಿ:
ಏಳು ತಿಂಗಳು! ನೋಡಿ, ಅವರ ಬಾಯಲ್ಲೇ ಬಂತು. ಕಾನೂನಿನಲ್ಲಿ 60 ದಿನ ಅಂತ ಇದೆ. ದುಡ್ಡು ತೆಗೆದುಕೊಂಡ ವಕೀಲರಾಗಿದ್ದರೆ ಎರಡೇ ತಿಂಗಳು.

ಕಪ್ಪುಕೋಟು:
"60 ದಿನ" ಅನ್ನುವವರು ಪೂರ್ತಿ ಸಾಲು ಓದಬೇಕು. ನೋಟಿಸ್ ಜಾರಿಯಾದ ದಿನದಿಂದ, ಅದೂ ಆದಷ್ಟು ಮಟ್ಟಿಗೆ. ತಡ ಆಗುವುದು ನೋಟಿಸಿನಲ್ಲೇ. ಗಂಡ ಮನೆ ಬದಲಾಯಿಸುತ್ತಾನೆ, "ಬಾಗಿಲಿಗೆ ಬೀಗ" ಅಂತ ಬರೆದು ವಾಪಸ್ ಬರುತ್ತದೆ. 60 ಸಾವಿರ ಕೊಟ್ಟರೂ ಅದೇ ಬೀಗ. ನಾನು ದುಡ್ಡಿಗೂ ನಡೆಸುತ್ತೇನೆ, ಕಾನೂನು ಸೇವೆಯ ಉಚಿತ ವಕೀಲರ ಪ್ಯಾನೆಲ್‌ನಲ್ಲೂ ಇದ್ದೇನೆ. ಪ್ಯಾನೆಲ್ ಕೇಸಿಗೆ ಪ್ರಾಧಿಕಾರವೇ ಫೀಸು ಕೊಡುತ್ತದೆ, ಕಕ್ಷಿದಾರರು ಕೊಡುವ ಹಾಗಿಲ್ಲ.

ಗುಬ್ಬಿಗೇಟ್ ಅವರೇ, ಮೊದಲು ಜೀವನಾಂಶದ ಅರ್ಜಿ ಹಾಕಿ. ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಸಿಆರ್‌ಪಿಸಿಯ 125ನೇ ಕಲಂ 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 144ನೇ ಕಲಂ. ಅಕ್ಕ ಇರುವ ಊರಲ್ಲೇ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ವಿಚ್ಛೇದನವನ್ನೂ ಹೆಂಡತಿ ತಾನಿರುವ ಕಡೆ ಹಾಕಬಹುದು. ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕ. ಹಾಗಾಗಿ ಕಾದಷ್ಟೂ ನಿಮಗೇ ನಷ್ಟ. ಇಬ್ಬರೂ ಆಸ್ತಿ, ಸಂಬಳದ ಅಫಿಡವಿಟ್ ಕೊಡಬೇಕು. ಬಾಂಡ್ ಪೇಪರಿಗೆ ಮಾತ್ರ ಸಹಿ ಬೇಡ. ಅದು ಬೋಂಡ ಕಟ್ಟಿಕೊಡೋಕೂ ಆಗಲ್ಲ.

ಹಳೇ_ಯಜಮಾನ:
"ಬೋಂಡ ಕಟ್ಟಿಕೊಡೋಕೂ ಆಗಲ್ಲ" ಅಂದರಲ್ಲ ವಕೀಲರೇ, ನಾನು ಕೂತು ಬರೆಸಿದ ಬಿಡುಗಡೆ ಪತ್ರಗಳು ಹನ್ನೆರಡು. ಒಂದೂ ಕೋರ್ಟು ಹತ್ತಿಲ್ಲ. ಕೊಟ್ಟ ಒಡವೆ ವಾಪಸ್, ಪಾತ್ರೆ ವಾಪಸ್, ಒಂದೇ ದಿನಕ್ಕೆ ಇತ್ಯರ್ಥ. ಇಬ್ಬರೂ ಬೇರೆ ಮದುವೆ ಆಗಿ ಚೆನ್ನಾಗಿದ್ದಾರೆ. ನಿಮ್ಮ ಕೋರ್ಟಿನಲ್ಲಿ ಹೋದ ಹುಡುಗಿ ಮುದುಕಿಯಾಗಿ ಬರುತ್ತಾಳೆ.

ಕಪ್ಪುಕೋಟು:
"ಬೇರೆ ಮದುವೆ ಆಗಿ ಚೆನ್ನಾಗಿದ್ದಾರೆ." ಅಲ್ಲೇ ಇರುವುದು ಗಂಡಾಂತರ. ಮೊದಲ ಮದುವೆ ಕಾನೂನಿನ ಪ್ರಕಾರ ಮುರಿಯದೆ ಎರಡನೆಯದು ಆದರೆ ಅಪರಾಧ. ಮೊದಲು ಐಪಿಸಿ 494, ಈಗ ಅದರ ಬದಲು ಬಂದಿರುವ ಬಿಎನ್‌ಎಸ್ 82. ಹನ್ನೆರಡು ಜೋಡಿಯನ್ನು ಬಾವಿ ಕಟ್ಟೆ ಮೇಲೆ ಕೂರಿಸಿ ಬಂದಿದ್ದೀರಿ.

ಹಳೇ_ಯಜಮಾನ:
1955ರ ಹಿಂದೂ ವಿವಾಹ ಕಾಯ್ದೆ, 29ನೇ ಕಲಂ, ಎರಡನೇ ಉಪಕಲಂ. ರೂಢಿಯಲ್ಲಿ ಬಿಡುಗಡೆ ಇದ್ದರೆ ಈ ಕಾಯ್ದೆ ಅದಕ್ಕೆ ಅಡ್ಡ ಬರಲ್ಲ. ಕೋಟು ಹಾಕದವರೂ ಓದಿರುತ್ತಾರೆ ಸ್ವಾಮಿ.

ತಟ್ಟೆಇಡ್ಲಿ:
ಯಜಮಾನ್ರು ಸಿಕ್ಸರ್ ಹೊಡೆದರು 😄

ಕಪ್ಪುಕೋಟು:
ಉಪಕಲಂ ಇದೆ, ಇಲ್ಲ ಅಂದವರು ಯಾರು? ಆ ರೂಢಿ ಬಹಳ ಹಿಂದಿನಿಂದ, ಬಿಡದೆ ನಡೆದುಕೊಂಡು ಬಂದಿದೆ ಅಂತ ಸಾಬೀತು ಮಾಡಬೇಕಾದವರು ಅದನ್ನು ಹೇಳುವವರೇ. ಎಲ್ಲಿ ಸಾಬೀತು ಮಾಡುತ್ತೀರಿ? ಕೋರ್ಟಿನಲ್ಲೇ ಅಲ್ವಾ? ಮದುವೆ, ವಿಚ್ಛೇದನದ ಪತ್ರ ಮಾಡಿಕೊಡಬೇಡಿ ಅಂತ ನೋಟರಿಗಳಿಗೆ ಕೇಂದ್ರ ಕಾನೂನು ಇಲಾಖೆ 2024ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಹಳೇ_ಯಜಮಾನ:
ನೋಟರಿ ಎಲ್ಲಿಂದ ಬಂದ? ನಾವು ಬರೆಯುವುದು ಅರಳಿಕಟ್ಟೆಯಲ್ಲಿ. ಎರಡೂ ಕಡೆಯ ಐದೈದು ಜನ, ಎಲ್ಲರೂ ಸಮ.

ಪಾವಗಡದ_ಬಿಸಿಲು:
"ಎಲ್ಲರೂ ಸಮ"! ಆ ಹತ್ತು ಜನರಲ್ಲಿ ಹೆಂಗಸರು ಎಷ್ಟು? ನನ್ನ ವಿಷಯವೂ ಮೊದಲು ಕಟ್ಟೆಗೇ ಹೋಗಿತ್ತು. ನನ್ನ ಬದುಕಿನ ತೀರ್ಮಾನ ಹೊರಗೆ ಆಗುತ್ತಿತ್ತು, ನಾನು ಒಳಗೆ ಅವರಿಗೆ ಕಾಫಿ ಸೋಸುತ್ತಿದ್ದೆ. ಹದಿನಾರು ಲೋಟ. ಕರೆದಿದ್ದು ಹೆಬ್ಬೆಟ್ಟು ಒತ್ತು ಅಂತ. ನನಗೆ ಸಹಿ ಬರುತ್ತೆ ಅಂದರೆ ಒಬ್ಬರು ನಕ್ಕರು.

ಹಳೇ_ಯಜಮಾನ:
ಹತ್ತು ಜನಕ್ಕೆ ಹದಿನಾರು ಲೋಟ ಹೇಗಮ್ಮ? ಸುಮ್ನೆ ಕಥೆ ಕಟ್ಟಬೇಡಿ.

ಪಾವಗಡದ_ಬಿಸಿಲು:
ಹತ್ತು ಜನ ನಿಮ್ಮ ಕಟ್ಟೆ ಲೆಕ್ಕ. ನಮ್ಮೂರಲ್ಲಿ ಬಿಟ್ಟಿ ಕಾಫಿಗೆ ಜಾಸ್ತಿ ಜನ ಬರುತ್ತಾರೆ. ಹೆಬ್ಬೆಟ್ಟಿನ ಮಾತಿಗೆ ಉತ್ತರ ಇಲ್ಲ, ಲೋಟ ಎಣಿಸೋಕೆ ಬಂದರು.

ತಟ್ಟೆಇಡ್ಲಿ:
ಬಾಂಡ್ ಬಿಡಿ. ವಕೀಲರು ಒಂದು ಪ್ರಶ್ನೆಗೆ ಉತ್ತರ ಕೊಡಲಿ. ನಮ್ಮ ನೆಂಟರ ಹುಡುಗಿಗೆ ಒಬ್ಬರು, ಬರುವ ಪರಿಹಾರದಲ್ಲಿ ಹತ್ತು ಪರ್ಸೆಂಟ್ ನನಗೆ ಅಂದರಂತೆ. ಇದೂ ಕಾನೂನಾ?

ಕಪ್ಪುಕೋಟು:
ಅಲ್ಲ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಲಿ. ಎಲ್ಲರೂ ಹಾಗಿರಲ್ಲ.

ತಟ್ಟೆಇಡ್ಲಿ:
"ಎಲ್ಲರೂ ಹಾಗಿರಲ್ಲ." ಅಂದರೆ ಕೆಲವರು ಹಾಗೇ ಅಂತಾಯಿತು. ಧನ್ಯವಾದ.

ಭಾನುವಾರದ_ಅಪ್ಪ:
ಇಷ್ಟೊತ್ತು ಬಾಂಡು, ಲೋಟ, ಪರ್ಸೆಂಟು. ಇಬ್ಬರು ಮಕ್ಕಳಿದ್ದಾರೆ ಅಂತ ಮೊದಲ ಸಾಲಲ್ಲೇ ಇದೆ, ಒಬ್ಬರೂ ಆ ಮಾತೆತ್ತಿಲ್ಲ. ನಾನು ಆ ಕಡೆಯವನು. ನನ್ನ ಮಗಳನ್ನು ನೋಡಲು ನನಗೆ ಸಿಕ್ಕಿರುವುದು ತಿಂಗಳಲ್ಲಿ ಎರಡು ಭಾನುವಾರ, ಅಮಾನಿಕೆರೆ ಪಾರ್ಕಿನಲ್ಲಿ, ಹತ್ತರಿಂದ ಹನ್ನೆರಡು. ಮೊದಲ ಸಲ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆ, ಅರ್ಧ ತಿಂದಳು. ಆಮೇಲೆ ಮೂರು ಸಲವೂ "ಅಮ್ಮ ತಿಂಡಿ ಕೊಟ್ಟು ಕಳಿಸಿದ್ದಾಳೆ" ಅಂದಳು. ನಾಲ್ಕನೇ ಸಲ ಪೊಟ್ಟಣ ಬಿಚ್ಚದೆ ಬೈಕಿಗೆ ನೇತು ಹಾಕಿಕೊಂಡು ಬಂದೆ. ಐದು ವರ್ಷದೊಳಗಿನ ಮಗು ತಾಯಿಗೇ ಅಂತ ಕಾನೂನು. ಅಪ್ಪ ಅಂದರೆ ಎಟಿಎಂ.

ತಟ್ಟೆಇಡ್ಲಿ:
ಕ್ಯಾತ್ಸಂದ್ರದ್ದಾ?

ಭಾನುವಾರದ_ಅಪ್ಪ:
ಏನು?

ತಟ್ಟೆಇಡ್ಲಿ:
ಇಡ್ಲಿ. ಬಿಡಿ, ತಪ್ಪು ತಿಳಿಯಬೇಡಿ.

ಕಪ್ಪುಕೋಟು:
"ತಾಯಿಗೇ" ಅಂತ ಕಾನೂನಿಲ್ಲ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೇ ಕಲಂ "ಸಾಮಾನ್ಯವಾಗಿ" ತಾಯಿಯ ಬಳಿ ಅನ್ನುತ್ತದೆ. 13ನೇ ಕಲಂ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲೆ. ಒಂಬತ್ತು ವರ್ಷದ ಹುಡುಗಿಯನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸಬಹುದು. ನಿಮಗೆ ದಿನ, ಹೊತ್ತು ಕಮ್ಮಿ ಅನಿಸಿದರೆ ಮಾರ್ಪಾಡಿಗೆ ಅರ್ಜಿ ಹಾಕಿ. ವಿಡಿಯೊ ಕರೆಯನ್ನೂ ಕೇಳಿ.

ಭಾನುವಾರದ_ಅಪ್ಪ:
"ಸಾಮಾನ್ಯವಾಗಿ" ಅನ್ನುವ ಒಂದು ಪದದ ಮೇಲೆ ನನ್ನ ನಾಲ್ಕು ವರ್ಷ ಹೋಯಿತು. ಅರ್ಜಿ ಹಾಕಿ ಅಂತ ಹೇಳುವುದು ಸುಲಭ.

ಪಾವಗಡದ_ಬಿಸಿಲು:
ಎಟಿಎಂ ಅಂದಿರಲ್ಲ. ನಮ್ಮ ಎಟಿಎಂನಲ್ಲಿ ಎರಡು ವರ್ಷ "ಹಣ ಲಭ್ಯವಿಲ್ಲ" ಅಂತಲೇ ಬರುತ್ತಿತ್ತು. ಸ್ಕೂಲ್ ಫೀಸಿಗೆ ಓಲೆ ಅಡ ಇಟ್ಟವಳು ನಾನು.

ಭಾನುವಾರದ_ಅಪ್ಪ:
ನಾನು ತಪ್ಪದೆ ಕಟ್ಟುತ್ತಿದ್ದೇನೆ. ನಿಮ್ಮ ಗಂಡನ ಬಾಕಿ ನನ್ನ ತಲೆಗೆ ಕಟ್ಟಬೇಡಿ.

ಹಳೇ_ಯಜಮಾನ:
ನೋಡಿದಿರಾ, ಕೋರ್ಟು ಹತ್ತಿದವರಿಬ್ಬರೂ ಇನ್ನೂ ಉರಿಯುತ್ತಿದ್ದಾರೆ. ನಮ್ಮ ಪತ್ರದಲ್ಲಿ ಮಕ್ಕಳ ವಿಷಯವೂ ಬರೆದುಬಿಡುತ್ತೇವೆ. ಗಂಡು ಅಪ್ಪನಿಗೆ, ಹೆಣ್ಣು ಅಮ್ಮನಿಗೆ. ಮುಂದೆ ಯಾರೂ ಏನೂ ಕೇಳಲ್ಲ ಅಂತ ಸಹಿ.

ಕಪ್ಪುಕೋಟು:
"ಮುಂದೆ ಯಾರೂ ಏನೂ ಕೇಳಲ್ಲ." ಯಜಮಾನ್ರೇ, ಮಗುವಿನ ಜೀವನಾಂಶ ಮಗುವಿನ ಹಕ್ಕು. ಅದನ್ನು ಬೇಡ ಅಂತ ಬರೆದುಕೊಡಲು ತಾಯಿಗೂ ಅಧಿಕಾರ ಇಲ್ಲ, ಕಟ್ಟೆಗೂ ಇಲ್ಲ. ಅಕ್ಕ ತಮ್ಮನನ್ನು ಕುರಿ ಪಾಲು ಮಾಡಿದ ಹಾಗೆ ಮಾಡುತ್ತೀರಾ? ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಹಾಕಿ. ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಬೇಕೆಂದರೆ ಬಿಡಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಹಿರಿಯರು ಅಲ್ಲಿಗೆ ಬಂದು ಕೂರಲಿ, ಬೇಡ ಅಂದವರು ಯಾರು?

ಹಳೇ_ಯಜಮಾನ:
ಕುರಿ ಅಂದಿದ್ದನ್ನು ವಾಪಸ್ ತಗೊಳ್ಳಿ. ಮರ್ಯಾದೆ ಇರಲಿ. ನಿಮ್ಮಂಥ ಎಷ್ಟು ಕೋಟು ನೋಡಿದ್ದೇನೆ, ಬಿಸಿಲಿಗೆ ಎಲ್ಲವೂ ಬೆಳ್ಳಗಾಗುತ್ತವೆ.

ಕಪ್ಪುಕೋಟು:
ವಾಪಸ್ ತಗೊಳ್ಳಲ್ಲ.

ಪಾವಗಡದ_ಬಿಸಿಲು:
ಗುಬ್ಬಿಗೇಟ್, ಇವರನ್ನು ಬಿಡಿ. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಲ್ಲಿ ಅರ್ಜಿ ಕೊಡಬಹುದು. ಮಕ್ಕಳ ತಾತ್ಕಾಲಿಕ ಕಸ್ಟಡಿ, ಖರ್ಚು, ಎರಡನ್ನೂ ಅದರಲ್ಲೇ ಕೇಳಬಹುದು. ಭಾವನ ಸಂಬಳದ ಚೀಟಿ, ಬ್ಯಾಂಕ್ ಮೆಸೇಜು, ಏನು ಸಿಕ್ಕರೂ ಎತ್ತಿಟ್ಟುಕೊಳ್ಳಿ. ಉಚಿತ ವಕೀಲರು ಫೋನ್ ಎತ್ತದಿದ್ದರೆ ಬದಲಾಯಿಸಿ ಕೊಡಿ ಅಂತ ಪ್ರಾಧಿಕಾರಕ್ಕೆ ಬರೆದುಕೊಡಿ. ನನಗೆ ಕೊಟ್ಟ ಮೊದಲನೆಯವರು ಎರಡು ಸಲ ಬರಲೇ ಇಲ್ಲ. ಎರಡನೆಯವರು ಚಿನ್ನದಂಥವರು.

ತಟ್ಟೆಇಡ್ಲಿ:
"ಎರಡು ಸಲ ಬರಲೇ ಇಲ್ಲ." ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಚರ್ಚೆ ಬೇಕಿತ್ತಾ? ನನ್ನ ಮಾತೇ ಸರಿ ಆಯಿತು.

ಗುಬ್ಬಿಗೇಟ್:
ಎಲ್ಲ ಓದಿದೆ. ಅಕ್ಕನಿಗೂ ಓದಿ ಹೇಳಿದೆ. ಕಾಫಿ ಸೋಸುವ ಮಾತು ಬಂದಾಗ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಲಗ್ನಪತ್ರಿಕೆ ಹಿಡಿದು ಬಂದಳು. ಸೋಮವಾರ ಹತ್ತೂವರೆಗೆ ಕೋರ್ಟಿನಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗುತ್ತಿದ್ದೇವೆ. 60 ಸಾವಿರದ ವಕೀಲರಿಗೆ ಇನ್ನೂ ಇಲ್ಲ ಅಂತ ಹೇಳಿಲ್ಲ. ದೊಡ್ಡಪ್ಪ ಮಾತು ಬಿಟ್ಟಿದ್ದಾರೆ. ಬಾಂಡ್ ಪೇಪರ್ ದೇವರ ಮನೆಯಲ್ಲೇ ಇದೆ, ಖಾಲಿ.

ಹಳೇ_ಯಜಮಾನ:
ಖಾಲಿ ಅಂತ ಬಿಸಾಡಬೇಡಿ. ದುಡ್ಡು ಕೊಟ್ಟು ತಂದಿದ್ದು. ಯಾರ ಹೆಸರಲ್ಲಿ ತೆಗೆಸಿದ್ದಾರೆ ನೋಡಿ.

ಕಪ್ಪುಕೋಟು:
"ಯಾರ ಹೆಸರಲ್ಲಿ" ಅಂದರೆ ಏನರ್ಥ ಯಜಮಾನ್ರೇ?